ಕಿಡಿಯ ಯಂತ್ರ ಮತ್ತು ಸಾಹೇಬರ ರೇಡಿಯೋ

ಐವತ್ತರ ದಶಕದ ಕೊನೆಯಲ್ಲಿ ಕರಾವಳಿಯ ಬಿಜೈಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೆಂಪರರಿ ಮಾಸ್ಟ್ರಾಗಿದ್ದೆ. ಇನ್ಸ್‌ಪೆಕ್ಟರು ಬಂದಾಗ ಒಂದು ಒಳ್ಳೆಯ ಪ್ರಯೋಗ ಮಾಡಿ ತೋರಿಸಿದರೆ ಕೆಲಸ ಖಾಯಂ, ಇಲ್ಲವಾದರೆ ಊರಿಗೆ ಹೋಗಿ ಗದ್ದೆ ಉಳುವುದು ಎಂದು ಹೆಡ್‌ಮಾಸ್ಟರು ಹೇಳಿದ್ದರು. ನನಗೆ ಕೋಣಗಳನ್ನು ಕಂಡರೆ ಆಗದು. ಕೋಣಗಳಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ.

ಹಾಗಾಗಿ ಹಳೆಯ ಕಾಲದ ಕಿಡಿಯ ಟ್ರಾನ್ಸ್‌ಮಿಟರ್ ಕಟ್ಟಲು ಹೊರಟೆ. ಹಡಗಿನವರು ಮೊದಮೊದಲು ತಂತಿಯಿಲ್ಲದೆ ಸುದ್ದಿ ಕಳಿಸುತ್ತಿದ್ದದ್ದು ಇದರಲ್ಲೇ. ಬ್ಯಾಟರಿಯ ಬಡಪಾಯಿ ವಿದ್ಯುತ್ತನ್ನು ತಾಮ್ರದ ಸುರುಳಿ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಎದುರುಬದುರು ನಿಂತ ಎರಡು ಹಿತ್ತಾಳೆ ಗುಂಡುಗಳ ನಡುವಿನ ಸಂದಿಯನ್ನು ಅದು ಚಟ್ಟೆಂದು ಹಾರುತ್ತದೆ. ಹಾರಿ ಸುಮ್ಮನಿರುವುದೂ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ತೊಟ್ಟಿಲಿನಂತೆ ಆಚೆ ಈಚೆ ಲೆಕ್ಕವಿಲ್ಲದಷ್ಟು ಸಲ ತೂಗಿ, ಸುಸ್ತಾಗಿ ನಿಲ್ಲುತ್ತದೆ. ಆ ತೂಗಾಟವೇ ಏರಿಯಲ್ ತಂತಿಯಿಂದ ಅಲೆಯಾಗಿ ಹೊರಡುತ್ತದೆ. ಆದರೆ ಈ ಅಲೆಗೆ ಮರ್ಯಾದೆ ಇಲ್ಲ. ಇಂಥದೇ ಸ್ಟೇಷನ್ ಎಂದಿಲ್ಲ, ರೇಡಿಯೋದ ಮುಳ್ಳು ಎಲ್ಲಿದ್ದರೂ ಕರೆಯದೆ ನುಗ್ಗುತ್ತದೆ. ಸರಕಾರಗಳು ಇದನ್ನು ನಿಷೇಧಿಸಿ ಓಡಿಸಿದ್ದು ಅದಕ್ಕೇ.

ನನ್ನ ಅಲೆ ನುಗ್ಗಿದ್ದು ಶಾಲೆಯ ಗೋಡೆಯಾಚೆಗಿನ ಮನೆಯ ಸಾಹೇಬರ ಹೊಸ ರೇಡಿಯೋಕ್ಕೆ. ಬಂದರಿನಲ್ಲಿ ಒಣಮೀನಿನ ಗೋದಾಮು ಇಟ್ಟಿದ್ದ ಅವರು ಮಧ್ಯಾಹ್ನ ಊಟಕ್ಕೆ ಬಂದು ಹಾಡು ಹಾಕುವುದಕ್ಕೂ ನಾನು ಸ್ವಿಚ್ಚು ಒತ್ತಿ ಅಭ್ಯಾಸ ಮಾಡುವುದಕ್ಕೂ ಸರಿಹೋಗುತ್ತಿತ್ತು. ರೇಡಿಯೋ ಕರ್ರ್ ಎನ್ನುತ್ತಿತ್ತು, ಅವರು ಅದಕ್ಕೆ ಬಡಿಯುತ್ತಿದ್ದರು.

"ಭಾವಂದಿರೆಲ್ಲ ನಗಾಡ್ತಾರೆ ಮಾಸ್ಟ್ರೇ, ಮೋಸಹೋದೆ ಅಂತ. ಇದಕ್ಕೆ ಎಂತ ಆಗಿದೆ?" ಎಂದು ನನ್ನನ್ನೇ ಕೇಳಿದರು.

"ಏರಿಯಲ್ ಎತ್ತರ ಸಾಲುದಿಲ್ಲ ಕಾಣ್ತದೆ ಸಾಹೇಬ್ರೇ" ಎಂದೆ. ನಾಚಿಕೆಗೆಟ್ಟವ ನಾನು. ಅವರು ತೆಂಗಿನ ಮರಕ್ಕೆ ಏರಿಯಲ್ ಕಟ್ಟಿಸಿದರು. ನನ್ನ ಕರ್ರ್ ಇನ್ನೂ ಚೆನ್ನಾಗಿ ಕೇಳತೊಡಗಿತು.

ಇನ್ಸ್‌ಪೆಕ್ಟರು ಬಂದದ್ದೂ ಮಧ್ಯಾಹ್ನವೇ. ಅಲೆ ಹಿಡಿಯಲೆಂದು ಕೋಣೆಯ ಇನ್ನೊಂದು ತುದಿಯಲ್ಲಿ ಕಬ್ಬಿಣದ ಪುಡಿ ತುಂಬಿದ ಗಾಜಿನ ಕೊಳವೆ ಇಟ್ಟಿದ್ದೆ. ಅಲೆ ತಾಗಿದರೆ ಪುಡಿ ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ ಹರಿದು ಗಂಟೆ ಬಾರಿಸಬೇಕು. ಸ್ವಿಚ್ಚು ಒತ್ತಿದೆ. ಕಿಡಿ ಹಾರಿತು, ಗಂಟೆ ಮಿಸುಕಲಿಲ್ಲ. ನಮ್ಮ ಕಡಲಿನ ಉಪ್ಪುಗಾಳಿಗೆ ಪುಡಿಯೆಲ್ಲ ತುಕ್ಕು ಹಿಡಿದಿತ್ತು.

"ಇದು ಬರೀ ಪಟಾಕಿ ಮಾರಾಯ್ರೇ" ಎಂದು ಇನ್ಸ್‌ಪೆಕ್ಟರು ಪೆನ್ನು ತೆಗೆದರು. ನನಗೆ ಕಣ್ಣೆದುರು ಕೋಣಗಳೇ ಕಂಡವು.

ಅಷ್ಟರಲ್ಲಿ ಗೋಡೆಯಾಚೆ ಸಾಹೇಬರು ರೇಡಿಯೋಕ್ಕೆ ಬೈಯುವುದು ಕೇಳಿತು. ಇನ್ನು ಬಾಯಿ ಬಿಡದೆ ಉಪಾಯವಿರಲಿಲ್ಲ. "ಸಾಹೇಬ್ರೇ, ಕರ್ರ್ ಅಂದಾಗೆಲ್ಲ ಒಂದು ಕೂಗು ಹಾಕಿ" ಎಂದು ಕಿಟಕಿಯಿಂದ ಕರೆದು ಹೇಳಿದೆ. ಮೂರು ಸಲ ಒತ್ತಿದೆ, ಮೂರು ಕೂಗು ಬಂತು. ಇನ್ಸ್‌ಪೆಕ್ಟರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಏಳೆಂಟು ಸಲ ಒತ್ತಿದರು. ಅಷ್ಟೂ ಕೂಗು ಬಂತು, ಕೊನೆಯವು ಅವರ ಮನೆಮಾತಾದ ಬ್ಯಾರಿ ಭಾಷೆಯಲ್ಲಿ.

ಸಾಹೇಬರು ಊಟದ ಕೈಯಲ್ಲೇ ಓಡಿ ಬಂದರು. ನಾನು ತಲೆತಗ್ಗಿಸಿ ಎಲ್ಲ ಹೇಳಿದೆ. ಅವರ ಮುಖ ಅರಳಿತು.

"ಹಾಗಾದ್ರೆ ನನ್ನ ರೇಡಿಯೋಕ್ಕೆ ಎಂತದೂ ಆಗ್ಲಿಲ್ಲ?"

"ಇಲ್ಲ."

"ತಿಂಗಳಿಡೀ ಕರ್ರ್ ಅಂದದ್ದು ನೀವಾ?"

"ಹೌದು."

ಅವರು ಇನ್ಸ್‌ಪೆಕ್ಟರ ಕಡೆ ತಿರುಗಿದರು. "ಮೊದಲು ಇವರನ್ನು ಖಾಯಂ ಮಾಡಿ ಸಾರ್. ಈ ಊರು ಬಿಟ್ಟು ಹೋಗ್ಬಾರ್ದು. ಆಮೇಲೆ ನಾನು ನೋಡಿಕೊಳ್ತೇನೆ."