ಕೊಕ್ಕರೆ ಬರೆಯುವವನ ಹಗ್ಗ

ಮೂರನೇ ಮಹಡಿಯಿಂದ ಬಿದ್ದ ಮನುಷ್ಯ ಎದ್ದು ಮೈ ಕೊಡವಿಕೊಂಡು ಓಡುವುದಿಲ್ಲ. ಇದನ್ನೂ ಬರೆದು ತಿಳಿಸಬೇಕಾಗಿ ಬಂದಿದೆಯಲ್ಲ, ನನಗೇ ನಾಚಿಕೆ.

ನನ್ನ ಪಕ್ಕದ ಮನೆಯವನು ಗೋಡೆಗಳ ಮೇಲೆ ಚಿತ್ರ ಬರೆಯುವ ಪೇಂಟರ್. ನಲವತ್ತು ದಾಟಿದೆ, ಕಡ್ಡಿಯಂಥ ಕಾಲು. ಹಳೆಯ ಕಾರ್ಟೂನಿನ ಒಂದು ತಿಕ್ಕಲು ಕೊಕ್ಕರೆ ಎಂದರೆ ಅವನಿಗೆ ಪ್ರಾಣ. ಅದು ತನ್ನನ್ನು ಬೆನ್ನಟ್ಟಿ ಬಂದ ಬೇಟೆಗಾರನ ಟೋಪಿಯನ್ನೇ ಹಾಕಿಕೊಂಡು ಅವನಿಗೇ ದಾರಿ ತೋರಿಸುತ್ತದೆ. ಬಂಡೆ ಬಿದ್ದರೆ ಚಪ್ಪಟೆಯಾಗಿ, ಮರುಗಳಿಗೆಯಲ್ಲಿ ಉಬ್ಬಿ ಕೇಕೆ ಹಾಕುತ್ತದೆ. ಅಪ್ಪನಿಗೂ ಮೇಸ್ತ್ರಿಗೂ ಹೆದರುತ್ತಲೇ ಬೆಳೆದ ಇವನು, ಯಾರಿಗೂ ಹೆದರದ ಜೀವ ಎಂದು ಕಂಡದ್ದು ಅದೊಂದನ್ನೇ. ಶಾಲೆಯೊಂದರ ಹೊರಗೋಡೆಗೆ, ಬೆಟ್ಟದಂಚು ದಾಟಿ ಗಾಳಿಯಲ್ಲೇ ಓಡುವ ಆ ಕೊಕ್ಕರೆಯನ್ನು ಬರೆಯುವ ಕೆಲಸ ಬಂದಾಗ ಕುಣಿದಾಡಿದ.

ಮೂರು ಮಹಡಿ ಎತ್ತರದಲ್ಲಿ ಹಲಗೆ ತೂಗುಹಾಕಿ, ಅದರ ಮೇಲೆ ಕೂತು ಬಣ್ಣ ಹಚ್ಚಬೇಕು. ಹಲಗೆಗೆ ಎರಡು ಹಗ್ಗ. ಒಂದನ್ನು ತಾರಸಿಯ ಕಂಬಕ್ಕೆ ಬಿಗಿದಿದ್ದರು. ಇನ್ನೊಂದು ತಾರಸಿಯಲ್ಲಿ ನಿಂತ ಹೆಂಡತಿಯ ತಮ್ಮನ ಕೈಯಲ್ಲಿ. ಸೊಂಟಕ್ಕೆ ಸೇಫ್ಟಿ ಬೆಲ್ಟ್ ಕೇಳಿದ್ದಕ್ಕೆ ಶಾಲೆಯ ಯಜಮಾನರು, ಎರಡು ದಿನದ ಕೆಲಸಕ್ಕೆ ಅದೆಲ್ಲ ಯಾಕೆ ಅಂದರಂತೆ.

ಈ ಕೆಲಸದಲ್ಲಿ ಒಂದು ಮಾತು ಬಹಳ ಬಿಗಿ. 'ಬಿಡು' ಅಂದರೆ ಹಗ್ಗ ಸಡಿಲಿಸು. ಬೇರೆ ಯಾವುದಕ್ಕೂ ಆ ಮಾತು ಆಡುವಂತಿಲ್ಲ. ಎರಡನೇ ದಿನ ಮಧ್ಯಾಹ್ನ ಬಾಮೈದ ಮೇಲಿನಿಂದ ಕಿಚಾಯಿಸಿದ.

"ಭಾವ, ಆ ಕೊಕ್ಕರೆ ಕಾಲು ನೋಡಿದ್ರೆ ನಿಮ್ಮನ್ನೇ ನೋಡಿದ ಹಾಗಿದೆ. ಕನ್ನಡಿ ಇಟ್ಕೊಂಡು ಬರೆದ್ರಾ?"

ಪೇಂಟರ್ ನಕ್ಕ. ನಗುತ್ತಲೇ, "ಹೋಗ್ಲಿ ಬಿಡು" ಅಂದ.

ಗಾಳಿಯಲ್ಲಿ ಬಾಮೈದನಿಗೆ 'ಹೋಗ್ಲಿ' ಕೇಳಿಸಲಿಲ್ಲ. 'ಬಿಡು' ಕೇಳಿಸಿತು, ಹಗ್ಗ ಸಡಿಲಿಸಿದ.

ಹಲಗೆಯ ಒಂದು ತುದಿ ಆಳುದ್ದ ಜಾರಿತು. ಬಣ್ಣದ ಡಬ್ಬಿ ಕೆಳಗೆ ಬಿದ್ದು ಸಿಡಿಯಿತು. ಇವನು ಕಂಬಕ್ಕೆ ಬಿಗಿದ ಹಗ್ಗಕ್ಕೆ ಜೋತುಬಿದ್ದ. ಕಾಲುಗಳು ಗಾಳಿಯನ್ನೇ ತುಳಿಯುತ್ತಿದ್ದವು. ಕಾರ್ಟೂನಿನಲ್ಲಿ ಕೆಳಗೆ ನೋಡದವನು ಬೀಳುವುದಿಲ್ಲ. ಇವನು ಕಣ್ಣು ಮುಚ್ಚಿಕೊಂಡ. ಆದರೂ ಕೈ ಜಾರುತ್ತಲೇ ಇತ್ತು.

ಕೆಳಗೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಮಕ್ಕಳದ್ದಿರಲಿ, ಅವಕ್ಕೆ ಅದು ಆಟ. ಯಜಮಾನರೂ ನಕ್ಕರು, ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡರು. ಅಂಗೈ ಸುಲಿದುಹೋಗುವಂತೆ ಆ ಹಗ್ಗ ಜಗ್ಗಿ ಭಾವನನ್ನು ಮೇಲೆಳೆದುಕೊಂಡವನು ಬಾಮೈದ ಒಬ್ಬನೇ.

ಆಮೇಲೆ ಆ ಮನೆಯಲ್ಲಿ ಯಾರೂ 'ಬಿಡು' ಅನ್ನುವುದಿಲ್ಲ. ನೆಲದ ಮೇಲೆ ನಿಂತು ಬಾಗಿಲಿಗೆ ಬಣ್ಣ ಹಚ್ಚುವಾಗಲೂ ಪೇಂಟರನ ಎಡಗೈ ಏನನ್ನಾದರೂ ಬಿಗಿಯಾಗಿ ಹಿಡಿದಿರುತ್ತದೆ. ನಿನ್ನೆ ಶಾಲೆಯಿಂದ ಫೋನ್ ಬಂತು: ಕೊಕ್ಕು ಬಾಕಿ ಇದೆ, ಸೋಮವಾರ ಬಂದು ಮುಗಿಸು. ಬೆಲ್ಟಿನ ಮಾತೇ ಇಲ್ಲ. ಹೆಂಡತಿ ಹೋಗಬೇಡಿ ಅಂದಳು. ಅವನು ಬ್ರಷ್ ತೊಳೆಯುತ್ತ ಅಂದ:

"ಹೋಗದಿದ್ರೆ ಇನ್ಯಾವ ಗೋಡೆಗೂ ಕರೆಯಲ್ಲ ಕಣೆ. ಹೋಗೋಣ ಅಂದ್ರೆ ಆ ಹಲಗೆ ಹತ್ತೋಕೆ ಭಯ."

ಆ ವಿಡಿಯೋ ನಿಮಗೂ ಬಂದಿರಬಹುದು. ನಕ್ಕು ನಾಲ್ಕು ಜನಕ್ಕೆ ಕಳಿಸಿಯೂ ಇರಬಹುದು. ಸೋಮವಾರ ಮಗುವಿನ ಕೈ ಹಿಡಿದು ಶಾಲೆಗೆ ಹೋದಾಗ ಗೇಟಿನಲ್ಲಿ ನಿಂತು ತಲೆಯೆತ್ತಿ ನೋಡಿ. ಅವನ ಸೊಂಟದಲ್ಲಿ ಬೆಲ್ಟ್ ಇಲ್ಲದಿದ್ದರೆ ನೇರ ಯಜಮಾನರ ಕೋಣೆಗೆ ನಡೆಯಿರಿ, ಅವನನ್ನು ಕೆಳಗಿಳಿಸಿ ಎನ್ನಿ. ಇಳಿಸುವ ತನಕ ಅಲ್ಲಿಂದ ಕದಲಬೇಡಿ.