ಬಿಡ್ತು ಅನ್ನಿ

ಲಂಡನ್ನಿಗೆ ಬಂದ ಎರಡನೇ ವಾರ ಕೆಮ್ಮಿಗೆ ಔಷಧಿ ಕೇಳಲು ಜಿಪಿ ಹತ್ತಿರ ಹೋದೆ. ಜಿಪಿ ಎಂದರೆ ಬಡಾವಣೆಯ ಡಾಕ್ಟರು. ಇಲ್ಲಿ ಅವರು ಚೀಟಿ ಬರೆಯದೆ ದೊಡ್ಡಾಸ್ಪತ್ರೆಗೆ ಹೋಗುವಂತಿಲ್ಲ. ಕೌಂಟರಿನ ಹುಡುಗಿ ಹೆಸರು ಬರೆದುಕೊಂಡು ನಗುನಗುತ್ತಾ ಒಂದು ಪುಟ್ಟ ಕಾರ್ಡು ಕೊಟ್ಟಳು. ನಾನು ಸತ್ತರೆ ನನ್ನ ಕಿಡ್ನಿ, ಕಣ್ಣು ತೆಗೆದುಕೊಳ್ಳಬಹುದೆಂದು ಸಹಿ ಹಾಕಬೇಕಂತೆ! ಕೆಮ್ಮಿಗೆ ಹೋದವಳ ಮುಂದೆ ಸಾವಿನ ಮಾತೆ? ಮೈಸೂರಿನಲ್ಲಾಗಿದ್ದರೆ ಅಮ್ಮ ಗದರಿಬಿಡುತ್ತಿದ್ದಳು. ಬಿಡ್ತು, ಬಿಡ್ತು ಅಂದುಕೊಂಡು ಕಾರ್ಡನ್ನು ಬೀದಿಯ ಕಸದ ಡಬ್ಬಿಗೆ ಹಾಕಿದೆ.

ಅದು ತೊಂಬತ್ತೆರಡರ ಮಾತು. ಹತ್ತು ವರ್ಷದಲ್ಲಿ ಟ್ಯೂಬ್ ರೈಲು, ತಣ್ಣನೆಯ ಸ್ಯಾಂಡ್‌ವಿಚ್, ನಾಲ್ಕಕ್ಕೇ ಕತ್ತಲಾಗುವ ಚಳಿಗಾಲ ಎಲ್ಲಾ ಅಭ್ಯಾಸವಾಯಿತು. ಕಿಂಗ್ಸ್‌ಬರಿಯ ಅಂಗಡಿಯಲ್ಲಿ ನುಗ್ಗೆಕಾಯಿ ಸಿಕ್ಕ ದಿನ ಗೆದ್ದೆ ಅಂದುಕೊಂಡೆ. ಆಮೇಲೆ ಎರಡೂ ಕಿಡ್ನಿ ಕೈಕೊಟ್ಟವು.

ವಾರಕ್ಕೆ ಮೂರು ದಿನ ಡಯಾಲಿಸಿಸ್. ಪಕ್ಕದ ಕುರ್ಚಿಯ ಮಾರ್ಗರೆಟ್ ನನಗಿಂತ ತಡವಾಗಿ ಕಿಡ್ನಿಗೆ ಕಾಯುವವರ ಪಟ್ಟಿಗೆ ಸೇರಿದವಳು, ನನಗಿಂತ ಮೊದಲೇ ಕಿಡ್ನಿ ಪಡೆದು ಮನೆಗೆ ಹೋದಳು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಬಿಳಿಯಳೆಂದು ಕೊಟ್ಟಿರೇ ಎಂದು ನರ್ಸನ್ನು ಕೇಳಿಯೇಬಿಟ್ಟೆ. ಅವಳು ಬೇಸರಿಸದೆ ವಿವರಿಸಿದಳು: ರಕ್ತದ ಗುಂಪು, ಅಂಗಾಂಶ ಎರಡೂ ಹೊಂದಬೇಕು. ನಿಮಗೆ ಹೊಂದುವುದು ನಿಮ್ಮ ಕಡೆಯವರಲ್ಲೇ ಸಿಗುವ ಸಂಭವ ಹೆಚ್ಚು. ಆದರೆ ನಿಮ್ಮವರಲ್ಲಿ ಕಾಯುವವರು ಬಹಳ, ಕೊಡುವವರು ಕಡಿಮೆ. ನನಗೆ ಆ ಕಸದ ಡಬ್ಬಿ ನೆನಪಾಯಿತು.

ಮೈಸೂರಿನಲ್ಲಿದ್ದರೆ ಸುತ್ತಲೂ ನಮ್ಮವರೇ; ಆದರೆ ಅಲ್ಲಿ ಇಂಥ ಪಟ್ಟಿಯೇ ಇಲ್ಲ, ಮನೆಯವರು ಕೊಟ್ಟರೆ ಉಂಟು. ಮುಂದೆ ಬಂದ ತಮ್ಮನಿಗೆ ಸಕ್ಕರೆ ಕಾಯಿಲೆ. ಗಂಡನ ರಕ್ತ ಹೊಂದಲಿಲ್ಲ. ಮಗಳದ್ದು ನಾನೇ ಬೇಡವೆಂದೆ.

ಯುಗಾದಿಗೆ ಕನ್ನಡದವರು ಪಿನ್ನರ್ ಬಡಾವಣೆಯ ಸಭಾಂಗಣವೊಂದರಲ್ಲಿ ಸೇರಿದ್ದೆವು. ಡಾಕ್ಟರ್ ಮಗನ ಮನೆಯಲ್ಲಿರುವ ಬೆಂಗಳೂರಿನ ಸುಶೀಲಮ್ಮನವರಿಗೆ ಎಪ್ಪತ್ತು ದಾಟಿದೆ. "ಯಾಕಮ್ಮ ಇಷ್ಟು ಸೊರಗಿದೀಯ?" ಎಂದರು.

"ಮ್ಯಾಚ್ ಇನ್ನೂ ಸಿಕ್ಕಿಲ್ಲ."

"ಅಯ್ಯೋ, ಅದಕ್ಕೆ ಈ ಪಾಟಿ ಯೋಚ್ನೆನಾ? ಮಗಳ ಜಾತಕ ಕೊಡು, ನಮ್ಮ ನೆಂಟರಲ್ಲೇ ಒಬ್ಬ ಹುಡುಗ ಇದಾನೆ."

"ಮಗಳಿಗಲ್ಲ ಸುಶೀಲಮ್ಮ, ನನ್ನ ಕಿಡ್ನಿಗೆ!"

"ಓ ಮೈ ಗಾಡ್, ಆಂಟೀ!" ಎಂದು ಮಗಳು ಬಿದ್ದು ಬಿದ್ದು ನಕ್ಕಳು. ಸುಶೀಲಮ್ಮ ನಗಲಿಲ್ಲ, ಕೂತು ಎಲ್ಲಾ ಕೇಳಿಸಿಕೊಂಡರು.

ಆಮೇಲೆ ಬ್ಯಾಗಿನಲ್ಲಿದ್ದ ಅಂಗದಾನದ ಕಾರ್ಡುಗಳನ್ನು ಹಂಚಿದೆ. ಒಬ್ಬಿಬ್ಬರು ಪರ್ಸಿಗೆ ಹಾಕಿಕೊಂಡರು. ಮಿಕ್ಕವರು "ಹಬ್ಬದ ದಿನ ಇದೇನ್ರೀ, ಬಿಡ್ತು ಅನ್ನಿ" ಎಂದು ಹೋಳಿಗೆಯ ಕಡೆ ನಡೆದರು. ಕಾರ್ಡುಗಳು ಬೇವು-ಬೆಲ್ಲದ ತಟ್ಟೆಯ ಪಕ್ಕದಲ್ಲೇ ಉಳಿದವು. ಅವರನ್ನು ಬೈಯಲು ನನಗೆ ಯಾವ ಬಾಯಿದೆ?

ಹೊರಡುವಾಗ ಸುಶೀಲಮ್ಮ ಒಂದು ಕಾರ್ಡು ತೋರಿಸಿದರು. ಕನ್ನಡದಲ್ಲಿ ಸಹಿ ಹಾಕಿದ್ದರು. "ಮುದುಕಿ ಕಿಡ್ನಿ ತಗೋತಾರೋ ಇಲ್ವೋ ಕಾಣೆ. ನಿನ್ನ ಥರಾನೇ ನಂದೂ ಬಿ ಗುಂಪು ಕಣೆ. ನಾನು ಹೋದಾಗ ನಿಂಗೇ ಬರ್ಲಿ."

ನನ್ನ ಪಾಸ್‌ಪೋರ್ಟ್ ಈ ದೇಶದ್ದು, ಹೆಸರಿರುವ ಪಟ್ಟಿಯೂ ಈ ದೇಶದ್ದೇ. ನಮ್ಮವರೊಬ್ಬರು ಹೋಗದೆ ನನಗೆ ಉಳಿವಿಲ್ಲವೆಂದೂ ಗೊತ್ತು. ಆದರೂ ಅವರ ಕೈ ಗಟ್ಟಿಯಾಗಿ ಹಿಡಿದು, ಅಳುತ್ತಾ, "ಬಿಡ್ತು ಅನ್ನಿ ಸುಶೀಲಮ್ಮ, ಬಿಡ್ತು ಅನ್ನಿ" ಎಂದೆ.

ಅವರು ಅನ್ನಲಿಲ್ಲ.