ಲೀಲಕ್ಕನ ಪ್ರೆಶರೂ ಅಳಿವೆಯ ನೀರೂ

ಯಾರಾದರೂ ಇಂಥ ಕತೆ ಶುರುಮಾಡಿದರೆ ಚಹಾ ಅರ್ಧಕ್ಕೇ ಬಿಟ್ಟು ಏಳುವವನು ನಾನು. ಕಾಕತಾಳೀಯ ಎಂಬ ಒಂದು ಪದ ಜೇಬಿನಲ್ಲಿದ್ದರೆ ಸಾಕು, ಎಲ್ಲದಕ್ಕೂ ಉತ್ತರವಾಯಿತು ಎಂದುಕೊಂಡಿದ್ದೆ. ನಾಲ್ಕು ವರ್ಷಗಳ ಹಿಂದೆ ನನ್ನ ಲೀಲಕ್ಕ ಐಸಿಯುವಿನಲ್ಲಿದ್ದ ಆ ದಿನಗಳ ಬಗ್ಗೆ ಮಾತ್ರ ಆ ಪದ ನಾಲಿಗೆಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೆ ಏನಾದರೂ ಹೊಳೆದರೆ ಹೊಳೆಯಲಿ.

ಅಕ್ಕನ ಮನೆ ಬೆಂಗ್ರೆಯಲ್ಲಿ, ನದಿ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲೇ. ಭಾವ ಸಣ್ಣ ಬೋಟಿನಲ್ಲಿ ಮೀನಿಗೆ ಹೋಗುವವರು. ಒಂದು ಬೆಳಿಗ್ಗೆ ಬಂಗುಡೆ ಮೀನು ಕೊಯ್ಯುತ್ತಿದ್ದ ಅಕ್ಕ ಕೂತಲ್ಲಿಯೇ ವಾಲಿದಳು. ಮೆದುಳಿನಲ್ಲಿ ರಕ್ತಸ್ರಾವ. ಕೊಡಿಯಾಲ್‌ಬೈಲಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಪ್ರಜ್ಞೆ ಇರಲಿಲ್ಲ.

ಡಾಕ್ಟರು ಎಳೆಯ ವಯಸ್ಸಿನವರು, ತಾಳ್ಮೆಯಿಂದ ವಿವರಿಸಿದರು. ಪ್ರೆಶರ್ ಏರಿದರೆ ಮೆದುಳು ತನ್ನ ರಕ್ತನಾಳಗಳನ್ನು ತಾನೇ ಬಿಗಿ ಮಾಡಿಕೊಳ್ಳುತ್ತದಂತೆ, ಇಳಿದರೆ ಸಡಿಲ ಬಿಡುತ್ತದಂತೆ. ಹೀಗೆ ಒಳಗೆ ರಕ್ತ ಯಾವಾಗಲೂ ಒಂದೇ ಹದದಲ್ಲಿ ಹರಿಯುತ್ತದೆ. ಅಕ್ಕನಿಗೆ ಈಗ ಆ ಹಿಡಿತ ತಪ್ಪಿತ್ತು. ಏರಿದ್ದು ನೇರ ಒಳಗೇ ನುಗ್ಗುತ್ತದೆ, ಮತ್ತೆ ರಕ್ತ ಒಸರಬಹುದು.

"ಹಾಗಾದ್ರೆ ನೂರಕ್ಕೆ ಇಳಿಸಿ ಬಿಡಿ ಡಾಕ್ಟ್ರೆ, ಎಂತಕ್ಕೆ ಕಂಜೂಸ್ ಮಾಡ್ತೀರಿ?" ಎಂದರು ಭಾವ.

"ತುಂಬಾ ಇಳಿದ್ರೆ ಉಳಿದ ಭಾಗಕ್ಕೆ ರಕ್ತ ಸಾಲುವುದಿಲ್ಲ ಅಂಕಲ್. ನೂರ ನಲವತ್ತರ ಹತ್ತಿರ ನಿಲ್ಲಬೇಕು."

ಮರುದಿನದಿಂದ ನಾನು ಐಸಿಯುವಿನ ಗಾಜಿನ ಹೊರಗೆ ನಿಂತು, ಮಾನಿಟರಿನ ಅಂಕಿಗಳನ್ನು ಔಷಧದ ಚೀಟಿಯ ಹಿಂದೆ ಬರೆಯತೊಡಗಿದೆ. ಬೇರೆ ಮಾಡುವುದಕ್ಕೆ ಏನಿತ್ತು? ಮೊದಲ ದಿನ ಹನ್ನೊಂದರ ಹೊತ್ತಿಗೆ ನೂರ ಎಪ್ಪತ್ತಕ್ಕೆ ಏರಿ, ಆಮೇಲೆ ತಾನಾಗಿ ಇಳಿಯಿತು. ಎರಡನೇ ದಿನವೂ ಹಾಗೆಯೇ, ಆದರೆ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಡಾಕ್ಟರ ಹುಬ್ಬು ಗಂಟಾಯಿತು. ಇನ್ನೊಮ್ಮೆ ಹೀಗೆ ಏರಿದರೆ ಏನೂ ಹೇಳಲಿಕ್ಕಾಗುವುದಿಲ್ಲ ಎಂದರು.

ಮೂರನೇ ದಿನ ಬೆಳಿಗ್ಗೆ ಚೀಟಿಯನ್ನು ಭಾವನಿಗೆ ತೋರಿಸಿದೆ. ಅವರು ಅಂಕಿಯನ್ನು ನೋಡಲೇ ಇಲ್ಲ, ಹೊತ್ತನ್ನು ಮಾತ್ರ ನೋಡಿದರು.

"ಇದು ನೀರಿನ ಟೈಮ್ ಮಾರಾಯ."

ಏರುನೀರು, ಅಂದರೆ ಸಮುದ್ರದ ಉಬ್ಬರ, ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತಾ ಹೋಗುತ್ತದೆ. ಅಳಿವೆಯಲ್ಲಿ ಹೂಳು ತುಂಬಿರುವುದರಿಂದ ನೀರು ಏರದೆ ಭಾವನ ಬೋಟು ಒಳಗೆ ಬರುವಂತಿಲ್ಲ. ಮೂವತ್ತು ವರ್ಷ ಅಕ್ಕ ಆ ಹೊತ್ತಿಗೆ ಅಂಗಳದಲ್ಲಿ ನಿಂತು ಕಾದಿದ್ದಾಳೆ. ಬೋಟು ದಾಟಿದ ಮೇಲೆಯೇ ಅನ್ನಕ್ಕೆ ಇಡುವುದು.

ನಾನು ನಗಲು ನೋಡಿದೆ. "ಎಸಿ ರೂಮಿನೊಳಗೆ ನೀರು ಎಲ್ಲಿಂದ ಭಾವಾ?"

"ನನಗೆಂತ ಗೊತ್ತುಂಟು? ಇವತ್ತು ಹನ್ನೆರಡು ಮುಕ್ಕಾಲು, ನೋಡು ಬೇಕಾದ್ರೆ."

ಹನ್ನೊಂದೂವರೆಗೆ ಶುರುವಾಯಿತು. ನೂರ ನಲವತ್ತೆಂಟು. ನೂರ ಐವತ್ತಾರು. ಒಂದೊಂದನ್ನೂ ಚೀಟಿಯಲ್ಲಿ ಬರೆದೆ. ನರ್ಸ್ ಓಡಿ ಬಂದು ಔಷಧ ಹೆಚ್ಚಿಸಿದರು. ಆದರೂ ಏರುತ್ತಲೇ ಹೋಯಿತು. ನೂರ ಎಪ್ಪತ್ತೊಂದು. "ಸಿಸ್ಟರೇ, ಎರಡೇ ನಿಮಿಷ," ಎಂದು ಕೈಮುಗಿದು ಭಾವ ಒಳಗೆ ಹೋದರು. ಅವರು ಅಕ್ಕನ ಕಿವಿಯ ಹತ್ತಿರ ಬಗ್ಗಿದ್ದನ್ನು ಗಾಜಿನಿಂದ ಕಂಡೆ. "ಲೀಲಾ, ಬೋಟು ಉಲಾಯಿ ಬತ್ತ್ಂಡ್," ಎಂದರಂತೆ. ಬೋಟು ಒಳಗೆ ಬಂತು ಎಂದು, ಅಷ್ಟೇ ಮಾತು.

ಆಗ ಹನ್ನೆರಡೂ ಹತ್ತು. ಏರುನೀರಿಗೆ ಇನ್ನೂ ಅರ್ಧ ಗಂಟೆಗಿಂತ ಹೆಚ್ಚಿತ್ತು. ಅಂಕಿ ಇಳಿಯತೊಡಗಿತು. ನೂರ ಅರವತ್ತಾರು, ಐವತ್ತೆಂಟು, ನಲವತ್ತೆರಡು. ಅಲ್ಲಿ ನಿಂತಿತು. ಆಮೇಲೆ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅದು ಹಾಗೆ ಏರಲಿಲ್ಲ.

ಔಷಧ ಹಿಡಿಯಿತು ಎಂದರು ಡಾಕ್ಟರು. ಇರಬಹುದು, ಹೆಚ್ಚಿಸಿದ್ದಂತೂ ಹೌದು. ಹಾಗಾದರೆ ಹಿಂದಿನ ಎರಡು ದಿನ ಹೆಚ್ಚಿಸದೆಯೇ ಇಳಿದದ್ದು ಹೇಗೆ? ನೀರೇ ಕಾರಣವಾದರೆ ನೀರು ತುಂಬುವ ಮೊದಲೇ ಇಳಿದದ್ದೇಕೆ? ಮಾತು ಕೇಳಿಸಿತು ಅನ್ನೋಣ, ಪ್ರಜ್ಞೆಯಿಲ್ಲದೆ ಮಲಗಿದವಳಿಗೆ ನೀರಿನ ಹೊತ್ತು ತಿಳಿಸಿದವರು ಯಾರು?

ಅಕ್ಕ ಮನೆಗೆ ಬಂದಳು, ಬಲಗೈ ಸ್ವಲ್ಪ ಸೋಲುತ್ತದೆ. ಅವಳಿಗೆ ಏನೂ ನೆನಪಿಲ್ಲ. "ಎಂತ ನೀರು? ಎಂತ ಬೋಟು? ನಿಂಗೆ ಮರ್ಲ್ ಹಿಡಿದಿದೆಯಾ?" ಎಂದು ಬೈಯುತ್ತಾಳೆ. ಭಾವ ಮತ್ತೆ ಕಡಲಿಗೆ ಹೋಗುತ್ತಿದ್ದಾರೆ. ಭಾನುವಾರ ಹೋದಾಗ ಅಕ್ಕನ ಪ್ರೆಶರ್ ನೋಡುವುದು ನನ್ನ ಕೆಲಸ.

ಮೊನ್ನೆ ನೂರ ಅರವತ್ತೆರಡು ತೋರಿಸಿತು. ಹೊರಗೆ ನೀರು ಏರುತ್ತಿತ್ತು. ಬೋಟು ಒಳಗೆ ಬಂತು ಎಂಬ ಭಾವನ ಆ ಮಾತು ನನ್ನ ಬಾಯಿಯವರೆಗೆ ಬಂತು. ನುಂಗಿಕೊಂಡೆ. ಅಕ್ಕ ಎಚ್ಚರವಾಗಿದ್ದಳು, ಬೋಟು ಇನ್ನೂ ಬಂದಿರಲಿಲ್ಲ.